ಬೇಟೆಗಾರನ ಕಣ್ಣು, ಸಿಪಾಯಿಯ ಬೆರಳು

2021ರ ಸೆಪ್ಟೆಂಬರ್. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋಕೆ ಇರುವ ವಿನಾಯಿತಿಯನ್ನ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿತ್ತು. ರಾತ್ರಿಯ ಚರ್ಚೆಗೆ ನಮಗೆ ಅದೇ ವಿಷಯ. ಒಂದು ಕಡೆ ವಕೀಲರು, ಇನ್ನೊಂದು ಕಡೆ ಪರಿಸರದವರು, ಮಧ್ಯದಲ್ಲಿ ನಾನು. ಚರ್ಚೆ ಕಾವೇರಿತು. ನಿಮಗೆ ಗೊತ್ತಲ್ಲ, ಕಾವೇರಿದಾಗ ಆ್ಯಂಕರ್ ಬಾಯಲ್ಲಿ ಏನು ಬೇಕಾದರೂ ಬರುತ್ತೆ. ನಾನು ಹೇಳಿಬಿಟ್ಟೆ: "ಸೇನೆಗೂ ಶಿಕಾರಿಗೂ ನಂಟು ಇರೋದರಲ್ಲಿ ಆಶ್ಚರ್ಯ ಏನಿದೆ? ಎರಡೂ ಕಡೆ ಕೆಲಸ ಒಂದೇ. ಕೊಲ್ಲೋದು."

ಪ್ಯಾನೆಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾನು ಗೆದ್ದೆ ಅಂದ್ಕೊಂಡೆ. ಬ್ರೇಕ್ ತಗೊಂಡೆ.

ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದಾಗ ಡೆಸ್ಕಿನ ಹುಡುಗ ಬಂದು, ಯಾರೋ ಹಿರಿಯರು ಫೋನ್‌ನಲ್ಲಿದ್ದಾರೆ, ಇಡ್ತಾನೇ ಇಲ್ಲ ಅಂದ. ದಕ್ಷಿಣ ಕೊಡಗಿನ ಕಡೆಯವರು. ಸೇನೆಯಿಂದ ನಿವೃತ್ತರಾದ ಸುಬೇದಾರ್. ವಯಸ್ಸು ಎಪ್ಪತ್ತು ದಾಟಿತ್ತು. ಬೈತಾರೆ ಅಂತ ಕಾದೆ. ಬೈಯಲಿಲ್ಲ. "ನಿಮ್ಮ ಕಾರ್ಯಕ್ರಮ ದಿನಾ ನೋಡ್ತೇನೆ ಸಾರ್. ಇವತ್ತು ನೀವು ಹೇಳಿದ್ದು ತಪ್ಪು. ಯಾಕೆ ತಪ್ಪು ಅಂತ ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಥ ಆಗೋದಿಲ್ಲ. ಒಮ್ಮೆ ಮನೆಗೆ ಬನ್ನಿ. ಕೈಲ್ ಪೊಳ್ದ್‌ಗೆ ಬನ್ನಿ" ಅಂದರು. ಆ ವರ್ಷದ ಕೈಲ್ ಪೊಳ್ದ್ ಆಗಲೇ ಮುಗಿದಿತ್ತು. ಅಂದ್ರೆ ನನಗೆ ಒಂದು ವರ್ಷ ಟೈಮ್ ಸಿಕ್ಕಿತು.

ಆ ಒಂದು ವರ್ಷ ಸಿಕ್ಕಿದಾಗಲೆಲ್ಲ ಓದಿದೆ. ಸೈನಿಕನಿಗೆ ಬೇಟೆಯ ಹುಚ್ಚು ಯಾಕೆ? ಗುರಿ ಹೊಡೆಯುವ ಆಟಕ್ಕೂ ಸೇನೆಗೂ ಏನು ಸಂಬಂಧ? ಓದ್ತಾ ಹೋದ ಹಾಗೆ ನಾನು ಅವತ್ತು ಆಡಿದ ಮಾತು ಅರ್ಧ ನಿಜ ಅನ್ನಿಸಿತು. ಅರ್ಧ ನಿಜ ಅನ್ನೋದು ಪೂರ್ತಿ ಸುಳ್ಳಿಗಿಂತ ಅಪಾಯ. ಅದಕ್ಕೇ ಇದನ್ನ ಬರೀತಾ ಇದ್ದೇನೆ.

ಒಂದು ಪದದಿಂದ ಶುರು ಮಾಡೋಣ. ಸ್ನೈಪರ್. ಸಿನಿಮಾದಲ್ಲಿ ನೋಡಿರ್ತೀರಿ, ಮರೆಯಲ್ಲಿ ಕೂತು ದೂರದಿಂದ ಒಂದೇ ಗುಂಡಿಗೆ ಹೊಡೆಯುವ ಸೈನಿಕ. ಈ ಪದ ಹುಟ್ಟಿದ್ದು ಎಲ್ಲಿ ಅಂತೀರಿ? ಯುರೋಪಿನ ಯಾವುದೋ ರಣರಂಗದಲ್ಲಿ ಅಲ್ಲ. ನಮ್ಮ ದೇಶದಲ್ಲಿ, ನಮ್ಮ ಗದ್ದೆಗಳಲ್ಲಿ. ಸ್ನೈಪ್ ಅನ್ನೋದು ಒಂದು ಹಕ್ಕಿ. ಕೆಸರು ಗದ್ದೆಯಲ್ಲಿ ಉದ್ದ ಕೊಕ್ಕು ಊರಿ ಹುಳ ಹುಡುಕುವ ಪುಟ್ಟ ಹಕ್ಕಿ. ಮೈಬಣ್ಣ ಒಣ ಹುಲ್ಲಿನ ಹಾಗೆ. ಕಾಲ ಬುಡದಲ್ಲಿ ಇದ್ದರೂ ಕಾಣಲ್ಲ. ಹತ್ತಿರ ಹೋದರೆ ಭರ್‍ರನೆ ಎದ್ದು ಅಡ್ಡಾದಿಡ್ಡಿ ಹಾರುತ್ತೆ. ಅದಕ್ಕೆ ಗುರಿ ಹಿಡಿಯೋದು ಅಂದ್ರೆ ತಮಾಷೆ ಅಲ್ಲ. 1770ರ ದಶಕದಲ್ಲಿ ಇಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಬಿಡುವಿನ ದಿನ ಈ ಹಕ್ಕಿಯ ಬೇಟೆಗೆ ಹೋಗೋರು. ಆ ಬೇಟೆಗೆ ಅವರು ಇಟ್ಟ ಹೆಸರೇ ಮುಂದೆ ಮರೆಯಿಂದ ಗುಂಡು ಹೊಡೆಯುವ ಸೈನಿಕನ ಹೆಸರಾಯ್ತು. ಒಂದು ಹಕ್ಕಿಯ ಶಿಕಾರಿ ಯುದ್ಧದ ನಿಘಂಟಿಗೆ ಸೇರಿದ್ದು ಹೀಗೆ.

ಇದೊಂದೇ ಪದ ಅಲ್ಲ. ಜರ್ಮನ್ ಸೇನೆಯಲ್ಲಿ ಯೇಗರ್ ಅನ್ನೋ ತುಕಡಿಗಳಿವೆ. ಯೇಗರ್ ಅಂದ್ರೆ ಬೇಟೆಗಾರ. ಫ್ರೆಂಚ್ ಸೇನೆಯಲ್ಲಿ ಶಸ್ಸರ್. ಅದಕ್ಕೂ ಅದೇ ಅರ್ಥ. ಹದಿನೆಂಟನೇ ಶತಮಾನದಲ್ಲಿ ಪ್ರಷ್ಯಾದ ರಾಜ ಫ್ರೆಡರಿಕ್ ಅರಣ್ಯ ಕಾವಲುಗಾರರ, ಬೇಟೆಗಾರರ ಮಕ್ಕಳನ್ನ ಹುಡುಕಿ ಹುಡುಕಿ ಸೇನೆಗೆ ಸೇರಿಸಿಕೊಂಡ. ಯಾಕೆ? ಅವರಿಗೆ ಕಾಡು ಗೊತ್ತು. ಹೆಜ್ಜೆ ಗುರುತು ಗೊತ್ತು. ಗಾಳಿ ಯಾವ ಕಡೆ ಬೀಸ್ತಿದೆ ಅಂತ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅವರ ಕೈಯಲ್ಲಿ ರೈಫಲ್ ಇತ್ತು.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಮಾತಾಡಲಿ. ಆ ಕಾಲದ ಸಾಮಾನ್ಯ ಸಿಪಾಯಿಯ ಬಂದೂಕು ಅಂದ್ರೆ ಮಸ್ಕೆಟ್. ಅದರ ನಳಿಗೆಯ ಒಳಮೈ ನೀರಿನ ಪೈಪಿನ ಹಾಗೆ ನುಣುಪು. ಗುಂಡು ಒಳಗೆ ಸಡಿಲವಾಗಿ ಕೂರುತ್ತೆ, ಹೊರಗೆ ಬರುವಾಗ ಗೋಡೆಗೆ ತಾಗಿ ತಾಗಿ ಬರುತ್ತೆ. ನೂರು ಗಜದ ಆಚೆ ಎಲ್ಲಿಗೆ ಹೋಗುತ್ತೆ ಅಂತ ದೇವರಿಗೇ ಗೊತ್ತು. ಆದರೆ ಬೇಗ ತುಂಬಬಹುದು. ಸೇನೆಗೆ ಬೇಕಾಗಿದ್ದೂ ಅಷ್ಟೇ. ಸಾಲಾಗಿ ನಿಲ್ಲಿಸು, ಒಟ್ಟಿಗೆ ಹಾರಿಸು, ಯಾರಿಗೋ ಒಬ್ಬರಿಗೆ ಬೀಳುತ್ತೆ. ರೈಫಲ್ ಹಾಗಲ್ಲ. ಅದರ ನಳಿಗೆಯ ಒಳಗೆ ಸ್ಕ್ರೂ ತರಹ ಸುತ್ತುವ ಗೀರುಗಳು ಇರ್ತವೆ. ಗುಂಡು ಬಿಗಿಯಾಗಿ ಕೂತು, ಬುಗುರಿಯ ಹಾಗೆ ತಿರುಗ್ತಾ ಹೊರಗೆ ಬರುತ್ತೆ. ತಿರುಗುವ ಬುಗುರಿ ಬೀಳಲ್ಲ ಅಲ್ವಾ? ಹಾಗೇ ತಿರುಗುವ ಗುಂಡು ದಾರಿ ತಪ್ಪಲ್ಲ. ತೊಂದರೆ ಒಂದೇ, ತುಂಬೋಕೆ ತುಂಬ ಹೊತ್ತು ಬೇಕು.

ಸೇನೆಗೆ ಅಷ್ಟು ಹೊತ್ತು ಇರಲಿಲ್ಲ. ಬೇಟೆಗಾರನಿಗೆ ಇತ್ತು. ಯಾಕಂದ್ರೆ ಅವನಿಗೆ ಸಿಗೋದೇ ಒಂದು ಗುಂಡು. ತಪ್ಪಿದರೆ ಜಿಂಕೆ ಓಡಿಹೋಗುತ್ತೆ, ಮನೆಯಲ್ಲಿ ಊಟ ಇಲ್ಲ. ಹಂದಿಯೋ ಕರಡಿಯೋ ಆದರೆ ಅವನೇ ಇಲ್ಲ. ಹಾಗಾಗಿ ರೈಫಲ್ ಮೊದಲು ಬೆಳೆದಿದ್ದು ಕಾಡಿನಲ್ಲಿ. ಸೇನೆ ಅದನ್ನ ಬೇಟೆಗಾರನಿಂದ ಎರವಲು ಪಡೀತು.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇದು ಎದ್ದು ಕಾಣುತ್ತೆ. ಡೇನಿಯಲ್ ಮಾರ್ಗನ್ ಅನ್ನೋನು ಗಡಿನಾಡಿನ ಬೇಟೆಗಾರರನ್ನ ಕಟ್ಟಿಕೊಂಡು ರೈಫಲ್ ಪಡೆ ಮಾಡಿದ. 1777ರ ಅಕ್ಟೋಬರ್‌ನಲ್ಲಿ ಸರಟೋಗಾ ಕದನದಲ್ಲಿ ಬ್ರಿಟಿಷರ ಜನರಲ್ ಸೈಮನ್ ಫ್ರೇಸರ್ ದೂರದಿಂದ ಬಂದ ಗುಂಡಿಗೆ ಬಿದ್ದ. ಬ್ರಿಟಿಷ್ ಅಧಿಕಾರಿಗಳಿಗೆ ಅದು ಅನ್ಯಾಯ ಅನ್ನಿಸಿತು. ಸಾಲಿನಲ್ಲಿ ನಿಂತು ಹೊಡೆಯೋದು ಯುದ್ಧ, ಹೆಸರಿಟ್ಟು ಹೊಡೆಯೋದು ಬೇಟೆ ಅನ್ನೋದು ಅವರ ತಕರಾರು.

ಅದೇ ವರ್ಷದ ಇನ್ನೊಂದು ಘಟನೆ ನನ್ನನ್ನ ತುಂಬ ಕಾಡಿತು. ಬ್ರಿಟಿಷರ ಕಡೆ ಪ್ಯಾಟ್ರಿಕ್ ಫರ್ಗುಸನ್ ಅನ್ನೋ ಕ್ಯಾಪ್ಟನ್ ಇದ್ದ. ಬೇಗ ತುಂಬಬಹುದಾದ ಒಂದು ರೈಫಲ್ಲನ್ನ ಅವನೇ ಸುಧಾರಿಸಿ ತಯಾರು ಮಾಡಿದ್ದ. ಒಳ್ಳೆ ಗುರಿಗಾರ. ಸೆಪ್ಟೆಂಬರ್‌ನಲ್ಲಿ ಬ್ರಾಂಡಿವೈನ್ ಕದನದ ಹೊತ್ತಿಗೆ ಅವನು ಮರೆಯಲ್ಲಿದ್ದ. ಕುದುರೆ ಮೇಲೆ ಒಬ್ಬ ಅಮೆರಿಕನ್ ಅಧಿಕಾರಿ ಬಂದ. ಫರ್ಗುಸನ್ ಕೂಗಿದ. ಆತ ಒಮ್ಮೆ ನೋಡಿ, ಕುದುರೆ ತಿರುಗಿಸಿ, ನಿಧಾನಕ್ಕೆ ಹೊರಟುಹೋದ. ಬೆನ್ನು ಎದುರಿಗೇ ಇತ್ತು. ಫರ್ಗುಸನ್ ಹೊಡೆಯಲಿಲ್ಲ. ತನಗೆ ಕೇಡು ಮಾಡದೆ, ತನ್ನ ಪಾಡಿಗೆ ತನ್ನ ಕರ್ತವ್ಯ ಮಾಡ್ತಿರುವವನ ಬೆನ್ನಿಗೆ ಗುಂಡು ಹೊಡೆಯೋಕೆ ಮನಸ್ಸು ಬರಲಿಲ್ಲ ಅಂತ ಆಮೇಲೆ ಪತ್ರದಲ್ಲಿ ಬರೆದುಕೊಂಡ. ಆ ಅಧಿಕಾರಿ ಬೇರೆ ಯಾರೂ ಅಲ್ಲ, ಜಾರ್ಜ್ ವಾಷಿಂಗ್ಟನ್ ಅಂತ ಒಂದು ಕತೆ ಇದೆ. ವಾಷಿಂಗ್ಟನ್ ಆಗಿರಲಿ ಬಿಡಲಿ, ಹೊಡೆಯದೆ ಬಿಟ್ಟ ಆ ಗುಂಡನ್ನ ನೆನಪಲ್ಲಿ ಇಟ್ಟುಕೊಳ್ಳಿ.

ಈಗ ನಮ್ಮ ನೆಲಕ್ಕೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸಾಕಿಕೊಂಡಿದ್ದ, ಬೇಟೆಗೆ ಪಳಗಿಸಿದ ಚೀತಾಗಳು ಗೆದ್ದವರ ಪಾಲಾದವು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನ ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆಗ ಶ್ರೀರಂಗಪಟ್ಟಣದ ಉಸ್ತುವಾರಿಯಲ್ಲಿದ್ದ. ಸತ್ತ ಸುಲ್ತಾನನ ಚೀತಾಗಳನ್ನ ಬಿಟ್ಟು ಅವನು ಕೃಷ್ಣಮೃಗ ಬೇಟೆ ಆಡಿದ. ರಾಜ್ಯದ ಜೊತೆ ರಾಜನ ಶಿಕಾರಿಯೂ ಗೆದ್ದವನಿಗೇ ಸೇರ್ತಿತ್ತು.

ಅಲ್ಲಿಂದ ಮುಂದೆ ನೂರೈವತ್ತು ವರ್ಷ ಭಾರತದಲ್ಲಿ ಬ್ರಿಟಿಷ್ ಸೈನಿಕ ಅಧಿಕಾರಿ ಅಂದ್ರೆ ಶಿಕಾರಿ ಅಂತಲೇ ಲೆಕ್ಕ. ಇದು ಬರೀ ಮೋಜು ಅಲ್ಲ. ಮೇಲಿನವರೇ ಪ್ರೋತ್ಸಾಹ ಕೊಡ್ತಿದ್ದರು. ಕಂಟೋನ್ಮೆಂಟಿನಲ್ಲಿ ಸುಮ್ನೆ ಕೂತ ಹುಡುಗರು ಕುಡಿದು ಹಾಳಾಗ್ತಾರೆ. ಕಾಡಿಗೆ ಹೋದರೆ ನಡೆಯೋದು ಕಲೀತಾರೆ, ನೆಲದ ಏರಿಳಿತ ಓದೋದು ಕಲೀತಾರೆ, ಹಳ್ಳಿಯವರ ಜೊತೆ ನಾಲ್ಕು ಮಾತು ಆಡೋದು ಕಲೀತಾರೆ. ಶಾಂತಿಯ ಕಾಲದಲ್ಲಿ ಯುದ್ಧಕ್ಕೆ ತಾಲೀಮು. ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ ಗೊತ್ತಲ್ಲ? ಶಾಲೆಯಲ್ಲಿ ಖಾಕಿ ಚಡ್ಡಿ ಹಾಕಿ ಸ್ಕೌಟ್ಸ್ ಮಾಡಿದವರಿಗೆಲ್ಲ ಗೊತ್ತು. ಅವನು ಕುದುರೆ ಮೇಲೆ ಕೂತು ಈಟಿಯಿಂದ ಕಾಡುಹಂದಿ ತಿವಿಯುವ ಆಟದಲ್ಲಿ ನಿಪುಣ. ಮೀರತ್ ಕಡೆ ನಡೆಯುತ್ತಿದ್ದ ಕದಿರ್ ಕಪ್ಪನ್ನ 1883ರಲ್ಲಿ ಗೆದ್ದ. ಆ ಆಟದ ಮೇಲೆ ಒಂದು ಪುಸ್ತಕವನ್ನೇ ಬರೆದ.

ಆದರೆ ತಾಲೀಮು ಅನ್ನೋ ಹೆಸರಿನಲ್ಲಿ ಏನೇನಾಯ್ತು ನೋಡಿ. ಬಾಂಬೆ ಸೇನೆಯ ಲೆಫ್ಟಿನೆಂಟ್ ವಿಲಿಯಂ ರೈಸ್ 1850ರಿಂದ 1854ರ ಒಳಗೆ ಕೊಂದ ಮತ್ತು ಗಾಯಗೊಳಿಸಿದ ಹುಲಿಗಳು ಸೇರಿ 98. ಹೈದರಾಬಾದ್ ಸಂಸ್ಥಾನದಲ್ಲಿದ್ದ ಕರ್ನಲ್ ನೈಟಿಂಗೇಲ್ ಹೊಡೆದ ಹುಲಿಗಳು 300ಕ್ಕೂ ಹೆಚ್ಚು. ಒಬ್ಬನೇ ಮನುಷ್ಯ! ಹೀಗೆ ಮಾಡಿ ಏನು ಕಲಿತ ಹಾಗಾಯ್ತು? ಹತ್ತನೇ ಹುಲಿ ಹೊಡೆದಾಗ ಬಾರದ ಗುರಿ ಮುನ್ನೂರನೇ ಹುಲಿಗೆ ಬರುತ್ತಾ? ಇಲ್ಲಿ ನನ್ನ ಅರ್ಧ ನಿಜ ನಿಜವೇ. ಇದು ಕೊಲ್ಲೋದು ಅಷ್ಟೇ.

ಹಳ್ಳಿಯವರ ಕತೆ ಇನ್ನೂ ಕಷ್ಟದ್ದು. ಅಧಿಕಾರಿಗಳಿಗೆ ಮಾತ್ರ ಅಲ್ಲ, ಸಾಮಾನ್ಯ ಬ್ರಿಟಿಷ್ ಸಿಪಾಯಿಗಳಿಗೂ ಬೇಟೆ ಪಾಸ್ ಕೊಡ್ತಿದ್ದರು. ರಜಾ ದಿನ ಬಂದೂಕು ಹಿಡಿದು ಹೊರಟವರು ಕಾಡಿಗೇ ಹೋಗಬೇಕಲ್ಲ? ಊರ ಪಕ್ಕದ ಹೊಲಕ್ಕೆ ನುಗ್ಗೋರು. ಸಿಕ್ಕಿದ ನವಿಲಿಗೆ ಹೊಡೆಯೋರು. ನವಿಲು ನಮ್ಮ ಜನಕ್ಕೆ ದೇವರ ವಾಹನ. ಊರವರು ಕೋಲು ಹಿಡಿದು ಅಡ್ಡ ಬರೋರು. ಜಗಳ, ಗುಂಡು, ಹೆಣ. ಬಿದ್ದವನು ಯಾವಾಗಲೂ ರೈತನೇ. ವಿಚಾರಣೆ ನಡೆದರೆ ಸಿಪಾಯಿ ಸಾಮಾನ್ಯವಾಗಿ ಪಾರಾಗೋನು. ಲಾರ್ಡ್ ಕರ್ಜನ್ ಕಾಲಕ್ಕೆ ಇದು ಸರ್ಕಾರಕ್ಕೇ ಮುಜುಗರವಾಗಿ, ಪಾಸಿನ ನಿಯಮ ಬಿಗಿ ಮಾಡಬೇಕಾಯ್ತು. ಶಿಕಾರಿ ಪುಸ್ತಕಗಳಲ್ಲಿ ಹುಲಿಯ ಉದ್ದ ಇಂಚು ಇಂಚಿಗೆ ಬರೆದಿರ್ತಾರೆ. ಆ ರೈತರ ಹೆಸರು ಹುಡುಕಬೇಕು.

ಹಾಗಾದರೆ ಬೇಟೆ ಸೈನಿಕನಿಗೆ ಕಲಿಸಿದ್ದು ಏನೂ ಇಲ್ವಾ? ಇದೆ. ಅದಕ್ಕೆ ಎರಡು ಯುದ್ಧಗಳನ್ನ ನೋಡಬೇಕು.

ಮೊದಲನೇ ಮಹಾಯುದ್ಧ. ಫ್ರಾನ್ಸಿನ ಕಂದಕಗಳಲ್ಲಿ ಬ್ರಿಟಿಷ್ ಸೈನಿಕ ತಲೆ ಎತ್ತಿದರೆ ಸಾಕು, ಸತ್ತ. ಆ ಕಡೆ ಜರ್ಮನರ ಸ್ನೈಪರ್‌ಗಳಲ್ಲಿ ಬೇಟೆಗಾರರು, ಅರಣ್ಯ ಕಾವಲುಗಾರರು ಸೇರಿದ್ದರು. ಕೈಯಲ್ಲಿ ದೂರದರ್ಶಕ ಇಟ್ಟ ರೈಫಲ್. ಬ್ರಿಟಿಷರ ಕಡೆ ಇದಕ್ಕೆ ಉತ್ತರ ಕೊಟ್ಟವನು ಹೆಸ್ಕೆತ್ ಪ್ರಿಚಾರ್ಡ್. ಯಾರು ಇವನು? ಲೇಖಕ, ದೊಡ್ಡ ಬೇಟೆಗಾರ, ಜೊತೆಗೆ ಹ್ಯಾಂಪ್‌ಶೈರ್ ಪರ ಆಡಿದ ವೇಗದ ಬೌಲರ್! ಜರ್ಮನರು ಉಕ್ಕಿನ ತಗಡಿನ ಹಿಂದೆ ಕೂತರೆ ಇವನು ಆನೆ ಹೊಡೆಯುವ ಭಾರಿ ರೈಫಲ್‌ಗಳನ್ನ ಗೆಳೆಯರಿಂದ ಕಡ ತಂದು ತಗಡು ತೂತು ಮಾಡಿಸಿದ. ಕಾಗದದ ರೊಟ್ಟಿನಲ್ಲಿ ಮನುಷ್ಯನ ತಲೆ ಮಾಡಿಸಿ, ಕಂದಕದ ಮೇಲೆ ಎತ್ತಿ, ಅದಕ್ಕೆ ಗುಂಡು ಬಿದ್ದರೆ ಆ ತೂತಿನ ಜಾಡಿನಲ್ಲೇ ಶತ್ರು ಎಲ್ಲಿದ್ದಾನೆ ಅಂತ ಲೆಕ್ಕ ಹಾಕೋನು. 1916ರಲ್ಲಿ ಸ್ನೈಪಿಂಗ್ ಶಾಲೆಯನ್ನೇ ತೆರೆದ. ಅವನ ಶಾಲೆಯಲ್ಲಿ ಗುಂಡು ಹೊಡೆಯೋದಕ್ಕಿಂತ ನೋಡೋದಕ್ಕೆ ಹೆಚ್ಚು ಪಾಠ. ಗಂಟೆಗಟ್ಟಲೆ ನೋಡು. ನಿನ್ನೆ ಇಲ್ಲದ ಕಲ್ಲು ಇವತ್ತು ಯಾಕಿದೆ? ಆ ಪೊದೆಯ ಎಲೆ ಯಾಕೆ ಬಾಡಿದೆ? ಇನ್ನೊಂದು ವಿಷಯ ಕೇಳಿ. ಯುದ್ಧಕ್ಕೆ ಸ್ವಲ್ಪ ಮುಂಚೆ, 1914ರಲ್ಲಿ, ಬ್ರಿಟನ್ನಿನಲ್ಲಿ ಬೂದು ಸೀಲ್ ಪ್ರಾಣಿಯನ್ನ ಉಳಿಸೋಕೆ ಒಂದು ಕಾಯಿದೆ ಬಂತು. ಅದಕ್ಕಾಗಿ ಲೇಖನ ಬರೆದು ಹೋರಾಡಿದವನೂ ಇದೇ ಬೇಟೆಗಾರ.

ಎರಡನೆಯದು ಫಿನ್ಲೆಂಡ್. 1939ರ ಚಳಿಗಾಲ. ಸೋವಿಯತ್ ಸೇನೆ ಆ ಪುಟ್ಟ ದೇಶದ ಮೇಲೆ ಬಿತ್ತು. ಸಿಮೋ ಹಾಯ್ಹಾ ಅನ್ನೋ ಕುಳ್ಳ ರೈತ, ಬೇಟೆಗಾರ, ಊರಿನ ರಕ್ಷಣಾ ದಳದ ಶೂಟಿಂಗ್ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದೋನು, ಬಿಳಿ ಬಟ್ಟೆ ತೊಟ್ಟು ಹಿಮದಲ್ಲಿ ಮಲಗಿದ. ದೂರದರ್ಶಕ ಬೇಡ ಅಂದ. ಯಾಕಂದ್ರೆ ಅದರಲ್ಲಿ ನೋಡೋಕೆ ತಲೆ ಸ್ವಲ್ಪ ಮೇಲೆತ್ತಬೇಕು, ಗಾಜಿನ ಮೇಲೆ ಬಿಸಿಲು ಮಿಂಚುತ್ತೆ. ಉಸಿರಿನ ಹಬೆ ಕಾಣಬಾರದು ಅಂತ ಬಾಯಲ್ಲಿ ಹಿಮ ಇಟ್ಟುಕೊಳ್ತಿದ್ದ. ಸುಮಾರು ನೂರು ದಿನದಲ್ಲಿ ಅವನ ಲೆಕ್ಕಕ್ಕೆ ಬರೆದದ್ದು 500ಕ್ಕೂ ಹೆಚ್ಚು ಸಾವು. 1940ರ ಮಾರ್ಚ್ 6ರಂದು ಅವನ ದವಡೆಗೇ ಗುಂಡು ಬಿತ್ತು. ಮುಖ ವಿಕಾರವಾಯ್ತು, ಪ್ರಾಣ ಉಳೀತು. ಯುದ್ಧ ಮುಗಿದ ಮೇಲೆ ಹಳ್ಳಿಯಲ್ಲಿ ಕೃಷಿ ಮಾಡಿಕೊಂಡು, ಮೂಸ್ ಬೇಟೆ ಆಡಿಕೊಂಡು 96 ವರ್ಷ ಬಾಳಿದ. ಬಡಾಯಿ ಕೊಚ್ಚಿಕೊಳ್ಳಲಿಲ್ಲ. ಅಷ್ಟು ಚೆನ್ನಾಗಿ ಗುರಿ ಹೊಡೆಯೋದು ಹೇಗೆ ಬಂತು ಅಂತ ಕೇಳಿದರೆ, ಅಭ್ಯಾಸ ಅನ್ನೋನು. ಅಷ್ಟೇ.

ನೋಡಿ, ಬೇಟೆಗಾರನಿಂದ ಸೇನೆ ಪಡೆದದ್ದು ಕಾಯುವ ವಿದ್ಯೆ. ಕೊಲ್ಲೋದನ್ನ ಫಿರಂಗಿ ಇನ್ನೂ ಚೆನ್ನಾಗಿ ಮಾಡುತ್ತೆ, ಅದಕ್ಕೆ ಬೇಟೆಗಾರ ಬೇಕಿಲ್ಲ.

ಈಗ ಕ್ರೀಡೆ. ಗುರಿ ಹೊಡೆಯುವ ಆಟ ಸೇನೆಯ ಮಡಿಲಲ್ಲೇ ಬೆಳೆದ ಕೂಸು. 1859ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿತು. ಫ್ರಾನ್ಸ್ ದಾಳಿ ಮಾಡೀತು ಅನ್ನೋ ಭಯ, ಊರೂರಲ್ಲಿ ಸ್ವಯಂಸೇವಕ ಪಡೆ. ಮಾರನೇ ವರ್ಷ ವಿಂಬಲ್ಡನ್‌ನಲ್ಲಿ ಮೊದಲ ಕೂಟ. ಮೊದಲ ಗುಂಡು ಹೊಡೆದಿದ್ದು ವಿಕ್ಟೋರಿಯಾ ರಾಣಿ! ರೈಫಲ್ಲನ್ನ ಸ್ಟ್ಯಾಂಡಿಗೆ ಬಿಗಿದು, ಗುರಿ ಮೊದಲೇ ಹೊಂದಿಸಿಟ್ಟು, ಟ್ರಿಗರಿಗೆ ದಾರ ಕಟ್ಟಿದ್ದರು. ರಾಣಿ ದಾರ ಎಳೆದರು, 400 ಗಜದಾಚೆ ಗುರಿಯ ಮಧ್ಯಕ್ಕೇ ಬಿತ್ತು. ಅಮೆರಿಕದ ರೈಫಲ್ ಸಂಘ ಹುಟ್ಟಿದ್ದು 1871ರಲ್ಲಿ. ಅಂತರ್ಯುದ್ಧದಲ್ಲಿ ತಮ್ಮ ಸೈನಿಕರಿಗೆ ಸರಿಯಾಗಿ ಗುರಿ ಹೊಡೆಯೋಕೇ ಬರ್ತಿರಲಿಲ್ಲ ಅಂತ ಬೇಸರಪಟ್ಟ ಇಬ್ಬರು ಮಾಜಿ ಸೇನಾಧಿಕಾರಿಗಳು ಅದನ್ನ ಕಟ್ಟಿದರು. ಇವತ್ತು ಅದು ರಾಜಕೀಯದ ದೊಡ್ಡ ಶಕ್ತಿ. ಹುಟ್ಟಿದ್ದು ಮಾತ್ರ ಗುರಿಯ ಪಾಠಶಾಲೆಯಾಗಿ.

1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಜೀವಂತ ಪಾರಿವಾಳಗಳನ್ನ ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೀತು. ಸುಮಾರು 300 ಹಕ್ಕಿ ಸತ್ತವು. ರಕ್ತ, ಪುಕ್ಕ, ಒದ್ದಾಡುವ ಹಕ್ಕಿಗಳು. ಒಲಿಂಪಿಕ್ಸ್‌ನಲ್ಲಿ ಅದು ಮತ್ತೆ ನಡೆಯಲಿಲ್ಲ. ಅಲ್ಲಿ ಉಳಿದದ್ದು ಮಣ್ಣಿನ ಬಿಲ್ಲೆ. ಅದನ್ನ ಇವತ್ತಿಗೂ ಇಂಗ್ಲಿಷಿನಲ್ಲಿ ಮಣ್ಣಿನ ಪಾರಿವಾಳ ಅಂತಲೇ ಕರೀತಾರೆ. ಹಕ್ಕಿ ಹೋಯ್ತು, ಹೆಸರು ಉಳೀತು.

ಕಾರೋಲಿ ಟಕಾಚ್ ಕತೆ ನಿಮ್ಮಲ್ಲಿ ಹಲವರು ಕೇಳಿರ್ತೀರಿ. ಹಂಗೇರಿ ಸೇನೆಯ ಸಾರ್ಜೆಂಟ್, ಪಿಸ್ತೂಲಿನಲ್ಲಿ ಅಪ್ರತಿಮ. 1936ರ ಒಲಿಂಪಿಕ್ಸ್‌ಗೆ ಕಳಿಸಲಿಲ್ಲ, ಯಾಕಂದ್ರೆ ಆಗ ಅವರಲ್ಲಿ ಅವಕಾಶ ಅಧಿಕಾರಿಗಳಿಗೆ ಮಾತ್ರ. 1938ರಲ್ಲಿ ತರಬೇತಿ ವೇಳೆ ಗ್ರೆನೇಡ್ ಸಿಡಿದು ಬಲಗೈ ಹೋಯ್ತು. ಬಲಗೈ ಬಂಟ ಅವನು. ಯಾರಿಗೂ ಹೇಳದೆ ಎಡಗೈಯಲ್ಲಿ ಶುರು ಮಾಡಿದ. ಯುದ್ಧ ಬಂತು, ಎರಡು ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರಲ್ಲಿ ಲಂಡನ್‌ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಎಡಗೈಯಿಂದ ಚಿನ್ನ ಗೆದ್ದ. 1952ರಲ್ಲಿ ಮತ್ತೆ ಚಿನ್ನ.

ಈಗ ಕಾಲ 64 ವರ್ಷ ಮುಂದೆ ಓಡಲಿ. ಅದೇ ಲಂಡನ್, ಅದೇ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್. 2012. ಬೆಳ್ಳಿ ಗೆದ್ದವರು ನಮ್ಮ ಡೋಗ್ರಾ ರೆಜಿಮೆಂಟಿನ ಸುಬೇದಾರ್ ವಿಜಯ್ ಕುಮಾರ್. ಅದಕ್ಕೂ ಎಂಟು ವರ್ಷ ಮುಂಚೆ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದಿದ್ದು ಗ್ರೆನೇಡಿಯರ್ಸ್‌ನ ರಾಜ್ಯವರ್ಧನ್ ಸಿಂಗ್ ರಾಠೋಡ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಬಂದ ಮೊದಲ ವೈಯಕ್ತಿಕ ಬೆಳ್ಳಿ ಅದು. ಮಧ್ಯಪ್ರದೇಶದ ಮಹೂನಲ್ಲಿ ಸೇನೆಯ ಗುರಿಗಾರಿಕೆ ಘಟಕ ಇದೆ. ವಿಜಯ್ ಕುಮಾರ್ ಅಲ್ಲಿ ತಯಾರಾದವರು. ಕಾಶ್ಮೀರದಲ್ಲಿ ಭಯೋತ್ಪಾದಕರ ಎದುರು ನಿಂತ ರಾಠೋಡ್ ಕೈಯಲ್ಲಿ ಮಣ್ಣಿನ ಬಿಲ್ಲೆ ಒಡೆದು ಪದಕ ಬಂತು. ಒಂದೇ ಕೈ, ಒಂದೇ ಕಣ್ಣು. ಗುರಿ ಮಾತ್ರ ಬೇರೆ.

ಹಾಗಾದರೆ ಕಾಡಿನ ಬೇಟೆ ಏನಾಯ್ತು? ಅದನ್ನ ನಿಲ್ಲಿಸಬೇಕು ಅಂತ ಮೊದಲು ಕೂಗಿದವರಲ್ಲೂ ಸೇನೆಯ ಬೇಟೆಗಾರರೇ ಇದ್ದರು. ಜಿಮ್ ಕಾರ್ಬೆಟ್ ನಿಮಗೆ ಗೊತ್ತು. ತೇಜಸ್ವಿಯವರ ಅನುವಾದದಿಂದ ರುದ್ರಪ್ರಯಾಗದ ಚಿರತೆ ನಮ್ಮ ಮನೆಮನೆಗೂ ಬಂದಿದೆ. ಅದೇ ಕಾರ್ಬೆಟ್ ಎರಡನೇ ಮಹಾಯುದ್ಧದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ, ಬರ್ಮಾಕ್ಕೆ ಹೊರಟ ಸೈನಿಕರಿಗೆ ಕಾಡಿನಲ್ಲಿ ಬದುಕೋದು ಹೇಗೆ ಅಂತ ಪಾಠ ಹೇಳಿದರು. ಅಷ್ಟು ಹೊತ್ತಿಗೆ ಅವರ ಕೈಗೆ ಬಂದೂಕಿಗಿಂತ ಕ್ಯಾಮೆರಾ ಹತ್ತಿರವಾಗಿತ್ತು. ಇನ್ನೊಬ್ಬರು ಲೆಫ್ಟಿನೆಂಟ್ ಕರ್ನಲ್ ಆರ್.ಡಬ್ಲ್ಯು. ಬರ್ಟನ್. ಒಂದು ಕಾಲದ ಪಕ್ಕಾ ಶಿಕಾರಿ. ಮುಪ್ಪಿನಲ್ಲಿ ಪತ್ರದ ಮೇಲೆ ಪತ್ರ ಬರೆದು ವನ್ಯಜೀವಿ ಉಳಿಸಿ ಅಂತ ಸರ್ಕಾರದ ಬೆನ್ನು ಹತ್ತಿದರು. 1952ರಲ್ಲಿ ವನ್ಯಜೀವಿಗಳಿಗಾಗಿ ರಾಷ್ಟ್ರಮಟ್ಟದ ಮಂಡಳಿ ಹುಟ್ಟಿತು. ಅದರ ಮೊದಲ ಸಭೆ ನಡೆದಿದ್ದು ನಮ್ಮ ಮೈಸೂರಿನಲ್ಲಿ, ಅಧ್ಯಕ್ಷರು ಜಯಚಾಮರಾಜ ಒಡೆಯರ್. ಇಪ್ಪತ್ತು ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆ ವರ್ಷದ ಎಣಿಕೆಯಲ್ಲಿ ಇಡೀ ದೇಶದಲ್ಲಿ ಉಳಿದಿದ್ದ ಹುಲಿ 1,827. ಮಾರನೇ ವರ್ಷ ಹುಲಿ ಯೋಜನೆ, ಮೊದಲ ಒಂಬತ್ತರಲ್ಲಿ ನಮ್ಮ ಬಂಡೀಪುರವೂ ಒಂದು.

ಇಷ್ಟು ಓದಿಕೊಂಡು 2022ರ ಸೆಪ್ಟೆಂಬರ್ 3ರಂದು ಕೊಡಗಿಗೆ ಹೋದೆ.

ದಾರಿಯುದ್ದಕ್ಕೂ ಮಳೆ. ಕೊಡಗಿನ ಕೋವಿಯ ಕತೆಗೂ ಒಬ್ಬ ಸೈನಿಕನೇ ಕಾರಣ. ನಾವು ಬೆಂಗಳೂರಿನಲ್ಲಿ ವಾಕಿಂಗ್ ಮಾಡುವ ಪಾರ್ಕಿನ ಹೆಸರಿದೆಯಲ್ಲ, ಆ ಮಾರ್ಕ್ ಕಬ್ಬನ್. 1857ರ ದಂಗೆ ಆದ ಮೇಲೆ ಬ್ರಿಟಿಷರು ಜನರ ಆಯುಧಗಳನ್ನ ಕಸಿದುಕೊಂಡರು. ಆದರೆ 1861ರ ಫೆಬ್ರವರಿಯಲ್ಲಿ ಕಬ್ಬನ್ ಕೊಡವರಿಗೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟ. ಇವರು ನಂಬಿಕಸ್ತರು ಅನ್ನೋದು ಅವನ ಕಾರಣ. ಬ್ರಿಟಿಷರಿಗೆ ನಿಷ್ಠರಾಗಿದ್ದಕ್ಕೆ ಸಿಕ್ಕ ಬಹುಮಾನ ಅದು ಅಂತ ಇವತ್ತು ಟೀಕೆ ಮಾಡಬಹುದು, ಮಾಡೋರೂ ಇದ್ದಾರೆ. ಸ್ವತಂತ್ರ ಭಾರತವೂ ಅದನ್ನ ಉಳಿಸಿಕೊಂಡಿತು. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ, ಅಂದ್ರೆ 2029ರವರೆಗೆ ಮುಂದುವರಿಸಿದೆ. ಅದೇ ನೆಲದಿಂದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪ ಬಂದರು, ಜನರಲ್ ತಿಮ್ಮಯ್ಯ ಬಂದರು.

ಸುಬೇದಾರ್ ಸಾಹೇಬರ ಮನೆಯಲ್ಲಿ ಕೋವಿಗಳನ್ನ ತೊಳೆದು, ಒರೆಸಿ, ದೀಪದ ಮುಂದೆ ಇಟ್ಟಿದ್ದರು. ನಳಿಗೆಗೆ ಕೆಂಪು ಹಳದಿ ಹೂವು. ತೋಕ್ ಪೂ, ಅಂದ್ರೆ ಕೋವಿ ಹೂವು. ನಾಟಿ ಕೆಲಸ ಮುಗಿದ ಮೇಲೆ ಬರುವ ಹಬ್ಬ ಇದು. ಹಿಂದೆ ಪೂಜೆ ಮಾಡಿ ಕೋವಿ ಎತ್ತಿಕೊಂಡು ಬೇಟೆಗೆ ಹೊರಡೋರು. ಹುಲಿ ಹೊಡೆದವನಿಗೆ ನರಿ ಮಂಗಲ ಅಂತ ಮದುವೆಯಂಥ ಮರ್ಯಾದೆ ಮಾಡೋರು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು ಗುಂಡು. ಗುಡ್ಡದ ಆಚೆಯವರಿಗೆ ಸುದ್ದಿ ಮುಟ್ಟಿಸುವ ಕ್ರಮ ಅದು.

ಕಡಂಬುಟ್ಟು, ಪಂದಿ ಕರಿ ಬಡಿಸಿದರು. ಸಾಕಿದ ಹಂದಿ ಅಂತ ನಾನು ಕೇಳುವ ಮುಂಚೆಯೇ ಹೇಳಿದರು. ಊಟ ಆದ ಮೇಲೆ ಜಗಲಿಯಲ್ಲಿ ಕೂತು, ಅವರು ಫೋನಿನಲ್ಲಿ ಹೇಳೋಕಾಗದ ಮಾತು ಹೇಳಿದರು.

ಸೇನೆ ಸೇರಿ ಕೆಲವು ವರ್ಷ ಆಗಿತ್ತು. ರಜೆಯಲ್ಲಿ ಊರಿಗೆ ಬಂದಿದ್ದರು. ಕಾಯಿದೆ ಇನ್ನೂ ಬಂದಿರಲಿಲ್ಲ. ಊರವರ ಜೊತೆ ಹಂದಿ ಬೇಟೆಗೆ ಹೋದರು. ಸೋವುವವರ ಕೂಗು, ನಾಯಿಗಳ ಬೊಗಳು. ಎದುರಿನ ಪೊದೆ ಅಲ್ಲಾಡಿತು. ಪಕ್ಕದವರು ಹೊಡಿ ಹೊಡಿ ಅಂದರು. "ನಾನು ಕೋವಿ ಎತ್ತಿದೆ. ಬೆರಳು ಮಾತ್ರ ಒಳಗೆ ಹಾಕಲಿಲ್ಲ. ಸೇನೆಯಲ್ಲಿ ನಮ್ಮ ಉಸ್ತಾದ್ ಮೊದಲ ದಿನವೇ ಹೇಳಿದ್ದ, ಗುರಿ ಏನು ಅಂತ ಗೊತ್ತಾಗದೆ ಬೆರಳು ಟ್ರಿಗರಿಗೆ ಹೋಗಬಾರದು ಅಂತ. ಕಾದೆ. ಪೊದೆಯಿಂದ ಬಂದದ್ದು ನನ್ನ ಚಿಕ್ಕಪ್ಪನ ಮಗ ಸಾರ್. ದಾರಿ ತಪ್ಪಿ ಆ ಕಡೆ ಬಂದಿದ್ದ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು.

"ಅವತ್ತು ಹಂದಿ ಆಗಿದ್ದರೂ ನಾನು ಹೊಡೀತಿದ್ದೆ. ಬೇಟೆ ಆಡಿದ್ದೇನೆ, ಸುಳ್ಳು ಹೇಳೋಲ್ಲ. ಎಪ್ಪತ್ತೆರಡರಲ್ಲಿ ಕಾಯಿದೆ ಬಂತು, ಬಿಟ್ಟೆ. ಮೊದಲು ಕಷ್ಟ ಆಯ್ತು. ಆದರೆ ಸರ್ಕಾರ ನಮ್ಮನ್ನ ನಂಬಿ ಕೋವಿ ಕೊಟ್ಟಿದೆ. ಕೋವಿ ಇಟ್ಟುಕೊಂಡು ಕಾನೂನು ಮುರಿದರೆ ನಂಬಿಕೆ ಎಲ್ಲಿ ಉಳೀತು?"

ನಾನು ಸುದ್ದಿಮನೆಯಲ್ಲಿ ಕೂತೋನು. ಕಾಡುಹಂದಿ ಅಂತ ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನಿಂದ, ಕೊಡಗಿನಿಂದ ಬಂದಾಗ ನಾವು ಹತ್ತು ಸೆಕೆಂಡಿನಲ್ಲಿ ಓದಿ ಮುಗಿಸ್ತೇವೆ. ಹಾಗಾಗಿ ಕೋವಿ ಬಗ್ಗೆ ಪ್ರಶ್ನೆ ಕೇಳೋದು ತಪ್ಪಲ್ಲ. ವಿನಾಯಿತಿ ಎಷ್ಟು ದಿನ, ಯಾರಿಗೆ, ಯಾವ ಷರತ್ತಿಗೆ ಅಂತ ಪ್ರಜಾಪ್ರಭುತ್ವ ಕೇಳಲೇಬೇಕು, ಇನ್ನೂ ಕೇಳ್ತೇನೆ. ಆದರೆ ಸೈನಿಕನಿಗೆ ಗುರಿಯ ಮೇಲೆ ಇರುವ ಪ್ರೀತಿಯನ್ನ ಕೊಲ್ಲುವ ಪ್ರೀತಿ ಅಂತ ನಾನು ಕರೆದಿದ್ದು ತಪ್ಪು. ಮುನ್ನೂರು ಹುಲಿ ಹೊಡೆದ ಕರ್ನಲ್ಲೂ ಸೈನಿಕನೇ, ಬೆನ್ನಿಗೆ ಹೊಡೆಯದ ಫರ್ಗುಸನ್ನೂ ಸೈನಿಕನೇ. ಇಬ್ಬರಿಗೂ ಗುರಿ ಬರ್ತಿತ್ತು. ಎಲ್ಲಿ ನಿಲ್ಲಿಸಬೇಕು ಅನ್ನೋದು ಒಬ್ಬನಿಗೆ ಮಾತ್ರ ಗೊತ್ತಿತ್ತು.

ಸಂಜೆ ಮಳೆ ಬಿಟ್ಟಿತು. ಊರ ಮೈದಾನದಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿದ್ದರು. ಹುಡುಗರು, ಹುಡುಗಿಯರು, ಮುದುಕರು ಎಲ್ಲ ಸಾಲಲ್ಲಿ. ಸುಬೇದಾರ್ ಸಾಹೇಬರ ಸರದಿ ಬಂತು. ಕೋವಿ ಎತ್ತಿದರು. ಕೈ ಸ್ವಲ್ಪ ನಡುಗ್ತಿತ್ತು. ಅಷ್ಟರಲ್ಲಿ ಒಂದು ನಾಯಿ ಮರದ ಕೆಳಗೆ ಹಾದುಹೋಯ್ತು. ಅವರು ಕೋವಿ ಇಳಿಸಿದರು. ನಾಯಿ ಪೂರ್ತಿ ಆಚೆ ಹೋಗುವವರೆಗೆ ಕಾದರು. ಹಿಂದಿನಿಂದ ಯಾರೋ ಹುಡುಗ, "ಅದು ಕೆಳಗಿದೆ ಅಜ್ಜ, ಕಾಯಿ ಮೇಲಿದೆ, ಹೊಡೀರಿ" ಅಂತ ನಕ್ಕ. ಅವರು ತಿರುಗಿ ನೋಡಲಿಲ್ಲ. ಮತ್ತೆ ಎತ್ತಿ ಹೊಡೆದರು. ಕಾಯಿಗೆ ಬೀಳಲಿಲ್ಲ.

"ವಯಸ್ಸಾಯ್ತು ಸಾರ್" ಅಂತ ನಗುತ್ತಾ ಕೋವಿಯನ್ನ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಮೊದಲು ಅದನ್ನ ತೆರೆದು, ಒಳಗೆ ತೋಟಾ ಉಳಿದಿದೆಯಾ ಅಂತ ನೋಡಿದಳು.

ಈಗ ಚರ್ಚೆ ಕಾವೇರಿದಾಗ ನನಗೆ ಆ ಹುಡುಗಿ ನೆನಪಾಗ್ತಾಳೆ. ನಮ್ಮ ಕೈಯಲ್ಲಿ ಇರೋದು ಕೋವಿ ಅಲ್ಲ, ಮೈಕು. ಅದನ್ನ ಎತ್ತುವ ಮುಂಚೆ ಎದುರಿಗಿರೋದು ಯಾರು ಅಂತ ನೋಡಿಕೊಳ್ಳೋಕೆ ಒಂದು ಕ್ಷಣ ಸಾಕು. ಅವತ್ತು ನಾನು ಆ ಕ್ಷಣ ಕಾಯಲಿಲ್ಲ.